ಹುಣ್ಣಿಮೆಯನ್ನು ಯಾರೂ ಸಾರಬೇಕಾಗಿಲ್ಲ

ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ಬಂಗಾರಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಕೇಳಿಕೆ, ಎಂದರೆ ನಮ್ಮ ಕಡೆಯ ಬಯಲಾಟ, ಆಡಿದರು. ಮೇಳದವರು ಸಂಜೆ ಐದಕ್ಕೇ ಶಾಲೆಯ ಜಗುಲಿಯ ಮೇಲೆ ಕುಳಿತು ಮುಖಕ್ಕೆ ಬಣ್ಣ ಹಚ್ಚಲು ತೊಡಗಿದ್ದರು. ಭೀಮನ ಪಾತ್ರ ಮಾಡುವವರು ಬೆಳಿಗ್ಗೆಯೆಲ್ಲ ತೋಟದಲ್ಲಿ ಟೊಮೆಟೊ ಬಿಡಿಸಿ ಬಂದಿದ್ದರು. ಎಷ್ಟು ತೊಳೆದರೂ ಹೋಗದ ಹಸಿರುಗಪ್ಪು ಕಲೆ ಅವರ ಬೆರಳುಗಳ ಮೇಲೆ ಹಾಗೆಯೇ ಉಳಿದಿತ್ತು, ಆ ಬೆರಳುಗಳಿಂದಲೇ ಅವರು ಕನ್ನಡಿ ಹಿಡಿದು ಮೀಸೆ ತಿದ್ದಿಕೊಂಡರು. ರಾತ್ರಿ ಒಂಬತ್ತೂವರೆಗೆ ಭಾಗವತರು ಹಾರ್ಮೋನಿಯಂ ಮೇಲೆ ಶ್ರುತಿ ಹಿಡಿದಾಗ ಎದುರಿಗೆ ಕುಳಿತಿದ್ದವರನ್ನು ನಾನು ಎಣಿಸಿದೆ. ಹನ್ನೊಂದು ಮಂದಿ ಇದ್ದರು, ಅವರಲ್ಲಿ ನಾಲ್ವರು ಮಕ್ಕಳು.

ಮೇಳದವರು ಒಂದು ಪದವನ್ನೂ ಬಿಡಲಿಲ್ಲ, ಬೆಳಗಿನ ಜಾವದ ತನಕ ಆಡಿದರು. ಎರಡು ದಿನ ಕಳೆದ ಮೇಲೆ, ಅಲ್ಲಿಂದ ಮೂರೇ ಕಿಲೋಮೀಟರ್ ದೂರದ ಊರಿನಲ್ಲಿ, ಹಿಂದೊಮ್ಮೆ ಸ್ವತಃ ವೇಷ ಕಟ್ಟುತ್ತಿದ್ದ ಹಿರಿಯರೊಬ್ಬರನ್ನು ಕಂಡು ಆ ರಾತ್ರಿಯ ವಿಷಯ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಒಂದು ಮಾತು ತಿಳಿಸಿದ್ದರೆ ಮೊಮ್ಮಗನ ಗಾಡಿಯಲ್ಲಿ ಕೂತು ಬರುತ್ತಿದ್ದೆನಲ್ಲ ಮೇಷ್ಟ್ರೇ" ಎಂದರು. ಪ್ರಕಟಣೆ ಇರಲಿಲ್ಲವೆಂದಲ್ಲ. ಬಸ್ ನಿಲ್ದಾಣದ ಪಕ್ಕದ ಟೀ ಅಂಗಡಿಯ ಗೋಡೆಗೆ ಒಂದು ಕರಪತ್ರ ಅಂಟಿಸಿದ್ದರು, ವಾಟ್ಸ್ಆ್ಯಪ್ ಗುಂಪೊಂದರಲ್ಲಿ ಅದರ ಚಿತ್ರ ಹಾಕಿದ್ದರು. ಶುಭೋದಯದ ಹೂವುಗಳ ಕೆಳಗೆ ಅದು ಮಧ್ಯಾಹ್ನದೊಳಗೆ ಹೂತುಹೋಗಿತ್ತು.

ಆ ಹನ್ನೊಂದು ಮಂದಿ ನನ್ನ ಮನಸ್ಸಿನಿಂದ ಹೋಗಿಲ್ಲ. ನಮ್ಮ ಜಿಲ್ಲೆಯಲ್ಲಿ ಕಲೆ ಸಾಯುತ್ತಿದೆ ಎಂದು ಸಭೆಗಳಲ್ಲಿ ಹೇಳುವುದನ್ನು ಮೂವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ನಾನು ಕಂಡಷ್ಟರಲ್ಲಿ ಆಡುವವರಿದ್ದಾರೆ, ನೋಡಬೇಕೆನ್ನುವವರೂ ಇದ್ದಾರೆ. ಇವರಿಬ್ಬರ ನಡುವೆ, ಇಂಥ ದಿನ ಇಂಥ ಕಡೆ ಇಂಥವರು ಎಂದು ನಂಬಿಕೆಗೆ ಯೋಗ್ಯವಾಗಿ ಹೇಳುವ ಒಂದು ದನಿ ಇಲ್ಲ. ಈ ದನಿಯ ಬೆಲೆ ನನಗೆ ತಿಳಿದದ್ದು ಜಾಝ್ ಸಂಗೀತದಿಂದ ಎಂದರೆ ಕೋಲಾರದ ಗೆಳೆಯರು ಆಶ್ಚರ್ಯಪಡುತ್ತಾರೆ. ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಾನು ಬೆಳೆದದ್ದು ಕೆಜಿಎಫ್‌ನಲ್ಲಿ. ತಂದೆ ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಎದುರು ಸಾಲಿನ ಬಂಗಲೆಗಳಲ್ಲಿ ಇಂಗ್ಲಿಷ್. ಆ ಸಾಲಿನಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಹಿರಿಯರಿದ್ದರು. ಗಣಿಯಲ್ಲಿ ವೈಂಡಿಂಗ್ ಎಂಜಿನ್ ನಡೆಸಿ, ಸಾವಿರಾರು ಅಡಿ ಆಳಕ್ಕೆ ಜನರನ್ನು ಇಳಿಸಿ ಮೇಲೆತ್ತಿ ನಿವೃತ್ತರಾದವರು. ಹರೆಯದಲ್ಲಿ ಕ್ಲಬ್ಬಿನ ಕ್ರಿಸ್‌ಮಸ್ ನೃತ್ಯಕೂಟಗಳಿಗೆ ಟ್ರಂಪೆಟ್ ನುಡಿಸಿದವರು. ನಾವೆಲ್ಲ ಅವರನ್ನು ಅಂಕಲ್ ಎನ್ನುತ್ತಿದ್ದೆವು. ಅವರ ಮುಂಗೋಣೆಯಲ್ಲಿ ಒಂದು ಹಳೆಯ ಮರ್ಫಿ ರೇಡಿಯೋ ಇತ್ತು. ರಾತ್ರಿ ಊಟವಾದ ಮೇಲೆ ಅವರು ಅದರ ಮುಂದೆ ಕುಳಿತು, ಬೀಗ ತೆಗೆಯುವವನಂತೆ ತಲೆ ಬಗ್ಗಿಸಿ, ಶಾರ್ಟ್ ವೇವ್ ಮುಳ್ಳನ್ನು ಕೂದಲೆಳೆಯಷ್ಟು ಅತ್ತ ಇತ್ತ ಸರಿಸುತ್ತಿದ್ದರು. ಕರಕರ ಸದ್ದು, ಯಾವುದೋ ದೇಶದ ವಾರ್ತೆ, ಮತ್ತೆ ಕರಕರ. ಆಮೇಲೆ ಡ್ಯೂಕ್ ಎಲಿಂಗ್ಟನ್ನರ ವಾದ್ಯವೃಂದ, ಅದರ ಹಿಂದೆಯೇ ಒಂದು ಗಂಭೀರವಾದ, ನಿಧಾನವಾದ ಗಂಡು ದನಿ.

ಆ ದನಿ ವಿಲ್ಲಿಸ್ ಕಾನೋವರ್ ಅವರದು. ಅಮೆರಿಕ ಸರ್ಕಾರದ ವಿದೇಶಿ ಪ್ರಸಾರದ ರೇಡಿಯೋ ಆದ ವಾಯ್ಸ್ ಆಫ್ ಅಮೆರಿಕದಲ್ಲಿ 1955ರಲ್ಲಿ ಆರಂಭವಾದ ಅವರ ಜಾಝ್ ಕಾರ್ಯಕ್ರಮ, 1996ರಲ್ಲಿ ಅವರು ತೀರಿಕೊಳ್ಳುವವರೆಗೂ ಸುಮಾರು ನಾಲ್ಕು ದಶಕಗಳ ಕಾಲ ನಡೆಯಿತು. ಇಂಗ್ಲಿಷ್ ಚೆನ್ನಾಗಿ ಬಾರದವರಿಗೂ ಅರ್ಥವಾಗಲಿ ಎಂದು ಅವರು ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಉಚ್ಚರಿಸುತ್ತಿದ್ದರು. ಯಾರು ಟ್ರಂಪೆಟ್, ಯಾರು ಬಾಸ್, ಯಾರು ಡ್ರಮ್ಸ್ ಎಂದು ನುಡಿಸಿದವರ ಹೆಸರುಗಳನ್ನು ಗೌರವದಿಂದ ಹೇಳುತ್ತಿದ್ದರು. ವಾಯ್ಸ್ ಆಫ್ ಅಮೆರಿಕ ತನ್ನ ದೇಶದೊಳಗಿನ ಶ್ರೋತೃಗಳಿಗಾಗಿ ಪ್ರಸಾರ ಮಾಡಬಾರದೆಂದು ಅಲ್ಲಿ ಕಾನೂನು ಇದ್ದುದರಿಂದ, ಪೋಲೆಂಡು, ರಷ್ಯಾಗಳಲ್ಲಿ ಕೋಟ್ಯಂತರ ಜನ ಗುರುತಿಸುತ್ತಿದ್ದ ಆ ದನಿಯನ್ನು ಸ್ವಂತ ನಾಡಿನಲ್ಲಿ ಬಲ್ಲವರು ಬಹಳ ಕಡಿಮೆ. ಅದು ಕೋಲಾರದ ಗಣಿಯ ಒಂದು ಮುಂಗೋಣೆಯವರೆಗೂ ಬರುತ್ತಿತ್ತು.

ನನಗೆ ಆಗ ಸಂಗೀತವೆಂದರೆ ಬೆಂಗಳೂರು ಆಕಾಶವಾಣಿ ಮತ್ತು ರಾಮನವಮಿ ಮಾತ್ರ. ಜಾಝ್ ಗಲಾಟೆಯಂತೆ ಕೇಳಿಸಿತು. ಅಂಕಲ್ ತಮ್ಮ ತಮಿಳು ಬೆರೆತ ಕನ್ನಡದಲ್ಲಿ, "ಹಾಡು ಹುಡುಕಬೇಡ ಮಗಾ. ಇವನು ಒಂದು ಮಾತು ಹೇಳ್ದ, ಅವನು ಏನು ಉತ್ತರ ಕೊಡ್ತಾನೆ ಅಂತ ಮಾತ್ರ ಕೇಳು" ಎಂದರು. ಅಷ್ಟು ಹೇಳಿಕೊಟ್ಟದ್ದೇ ಸಾಕಾಯಿತು. ಹನ್ನೆರಡು ಅಥವಾ ಮೂವತ್ತೆರಡು ಬಾರ್‌ಗಳ, ಎಂದರೆ ತಾಳದ ಸಮ ಅಳತೆಯ ತುಂಡುಗಳ, ಒಂದು ಆವರ್ತ ತಿರುಗುತ್ತಲೇ ಇರುತ್ತದೆ. ಮೊದಲು ಎಲ್ಲರೂ ಸೇರಿ ಮೂಲ ಧಾಟಿಯನ್ನು ನುಡಿಸುತ್ತಾರೆ, ಆಮೇಲೆ ಒಬ್ಬೊಬ್ಬರೂ ಅದೇ ಆವರ್ತದ ಒಳಗೆ ತಮಗೆ ಆ ಕ್ಷಣ ತೋಚಿದ್ದನ್ನು ನುಡಿಸುತ್ತಾರೆ, ಕೊನೆಯಲ್ಲಿ ನಾಲ್ಕು ನಾಲ್ಕು ಬಾರ್‌ಗಳನ್ನು ಹಂಚಿಕೊಂಡು ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಮರುಪ್ರಶ್ನೆ ಎಂಬಂತೆ ಕೊಟ್ಟು ತೆಗೆದುಕೊಂಡು ಮೂಲ ಧಾಟಿಗೆ ಮರಳುತ್ತಾರೆ. ತನಿ ಆವರ್ತನದಲ್ಲಿ ಮೃದಂಗ, ಘಟಗಳು ಮಾಡುವುದೂ ಇದನ್ನೇ ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ನಂತರ. ಕೆಲವು ರಾತ್ರಿ ಹಾಡಿನ ನಡುವೆ ಆಳದಲ್ಲಿ ಬಂಡೆ ಸಿಡಿದು ಮನೆಯೆಲ್ಲ ಒಮ್ಮೆ ಅದುರುತ್ತಿತ್ತು. ಗಣಿಯೂರಿನಲ್ಲಿ ಅದು ಎಲ್ಲರಿಗೂ ಅಭ್ಯಾಸವಾಗಿದ್ದ ನಡುಕ. ಅಂಕಲ್ ಕಣ್ಣು ಮುಚ್ಚಿ ಶಿಲುಬೆಯ ಗುರುತು ಮಾಡಿಕೊಂಡು, ಜಾರಿದ ಮುಳ್ಳನ್ನು ಮತ್ತೆ ಅದರ ಜಾಗಕ್ಕೆ ತರುತ್ತಿದ್ದರು.

ವರ್ಷಕ್ಕೊಮ್ಮೆ, ಡಿಸೆಂಬರ್ ಕೊನೆಯಲ್ಲಿ, ಅವರು ಟ್ರಂಪೆಟ್ ಹೊರತೆಗೆಯುತ್ತಿದ್ದರು. ತುಟಿಗಿಡುವ ಹಿತ್ತಾಳೆಯ ತುಂಡನ್ನು ಮೊದಲೇ ಬಿಚ್ಚಿ, ಮುಷ್ಟಿಯಲ್ಲಿ ಮುಚ್ಚಿಕೊಂಡು ಬೆಚ್ಚಗೆ ಮಾಡುತ್ತಿದ್ದರು. ಚಳಿಯಲ್ಲಿ ತಣ್ಣಗಿರುವ ಲೋಹಕ್ಕೆ ತುಟಿ ಒಗ್ಗುವುದಿಲ್ಲ, ದನಿ ಸೀಳುತ್ತದೆ. ಈ ದೃಶ್ಯ ನನಗೆ ನೆನಪಾಗುವುದು ತಮಟೆಯವರನ್ನು ಕಂಡಾಗಲೆಲ್ಲ. ಅವರೂ ನುಡಿಸುವ ಮೊದಲು ಹುಲ್ಲಿನ ಬೆಂಕಿ ಹಾಕಿ, ತಮಟೆಯನ್ನು ಜ್ವಾಲೆಗೆ ಮುಖ ಮಾಡಿ ಹಿಡಿದು, ತಿರುಗಿಸಿ ತಿರುಗಿಸಿ ಕಾಯಿಸುತ್ತಾರೆ. ಬೆರಳಿನಿಂದ ತಟ್ಟಿ ನೋಡುತ್ತಾರೆ. ಮೊದಲು ಬೊದ್ದು ದನಿ. ಚರ್ಮ ಬಿಗಿಯುತ್ತ ಬಂದಂತೆ ಅದು ಮೇಲೇರಿ, ಒಂದು ಹಂತದಲ್ಲಿ ಟಣ್ ಎನ್ನುತ್ತದೆ. ಆಗ ಕೈಯಲ್ಲಿನ ಕಡ್ಡಿಗಳು ತಾವಾಗಿಯೇ ಎದ್ದು ನಿಲ್ಲುತ್ತವೆ.

ಜಾಝ್ ಹುಟ್ಟಿದ ನ್ಯೂ ಓರ್ಲಿಯನ್ಸ್ ನಗರದಲ್ಲಿ ಕರಿಯ ಜನರ ಶವಯಾತ್ರೆಗೆ ಹಿತ್ತಾಳೆ ವಾದ್ಯಗಳ ತಂಡ ಜೊತೆಯಾಗಿ ಹೋಗುವ ಪದ್ಧತಿ ಇದೆ. ಹೋಗುವಾಗ ನಿಧಾನವಾದ ಶೋಕದ ಸ್ತುತಿಗೀತೆ, ಮಣ್ಣು ಮಾಡಿದ ಮೇಲೆ ಮರಳುವಾಗ ಜನರೆಲ್ಲ ಕುಣಿಯುವ ಲವಲವಿಕೆಯ ನಡೆ. ಇದನ್ನು ಓದಿದಾಗ ನಾನು ಕಂಡದ್ದು ನಮ್ಮದೇ ಕೇರಿಗಳನ್ನು. ಇಲ್ಲಿಯೂ ಸಾವಿಗೆ ತಮಟೆ, ಅದರ ಮುಂದೆ ಕುಣಿತ. ಆ ಸಂಗೀತವನ್ನು ಬಹುಕಾಲ ಅಸಭ್ಯವೆಂದು ದೂರವಿಟ್ಟವರು ಅಲ್ಲಿಯೂ ಇದ್ದರು. ತಮಟೆಯ ದನಿ ಬೇಕು, ನುಡಿಸುವವನು ಅಂಗಳದ ಹೊರಗೇ ಇರಬೇಕು ಎಂದವರು ಇಲ್ಲಿಯೂ ಇದ್ದರು, ಇದ್ದಾರೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾನು ಅತ್ತದ್ದು ಈ ಕಾರಣಕ್ಕೆ. ಒಂದು ವಾದ್ಯ ರಾಷ್ಟ್ರಪತಿ ಭವನದ ಮೆಟ್ಟಿಲು ಹತ್ತಿತು. ಆದರೆ ಮರುವಾರ ಅದೇ ವಾದ್ಯವನ್ನು ಅವರ ನೆರೆಯ ತಾಲ್ಲೂಕಿನಲ್ಲಿ ಯಾರು, ಎಲ್ಲಿ ನುಡಿಸುತ್ತಾರೆ ಎಂದು ಕೇಳಿದರೆ ಹೇಳುವವರಿರಲಿಲ್ಲ.

ಅದೇ ನ್ಯೂ ಓರ್ಲಿಯನ್ಸಿನಲ್ಲಿ 1980ರಿಂದ ಒಂದು ಸಮುದಾಯ ರೇಡಿಯೋ ಇದೆ. ಅದರ ಹೆಸರು ಡಬ್ಲ್ಯೂ ಡಬ್ಲ್ಯೂ ಓ ಝಡ್, ತರಂಗಾಂತರ 90.7. ಕಾರ್ಯಕ್ರಮ ನಡೆಸುವವರು ಸಂಬಳವಿಲ್ಲದ ಸ್ವಯಂಸೇವಕರು. ಆರಂಭದಲ್ಲಿ ಅದರ ಸ್ಟುಡಿಯೋ ಒಂದು ಸಂಗೀತದ ಅಡ್ಡೆಯ ಮಹಡಿಯ ಮೇಲಿತ್ತು; ಕೆಳಗಿನ ಕಛೇರಿಯನ್ನು ಪ್ರಸಾರ ಮಾಡಲು ನೆಲದ ತೂತಿನಿಂದ ಮೈಕನ್ನು ಇಳಿಬಿಡುತ್ತಿದ್ದರಂತೆ. 2005ರ ಕತ್ರೀನಾ ಚಂಡಮಾರುತ ಊರನ್ನೇ ಮುಳುಗಿಸಿದಾಗಲೂ, ಬೇರೊಂದು ರಾಜ್ಯದ ರೇಡಿಯೋ ಕೇಂದ್ರದ ನೆರವಿನಿಂದ, ದಿಕ್ಕಾಪಾಲಾದ ತನ್ನ ಜನರಿಗಾಗಿ ಅದು ಅಂತರ್ಜಾಲದಲ್ಲಿ ನುಡಿಯಿತು. ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಒಂದು ಸಣ್ಣ ವಾಡಿಕೆ. ದಿನಕ್ಕೆ ಹಲವು ಬಾರಿ, ಹಾಡು ನಿಲ್ಲಿಸಿ, ಇವತ್ತು ರಾತ್ರಿ ಊರಿನ ಯಾವ ಮೂಲೆಯಲ್ಲಿ ಯಾರು ನುಡಿಸುತ್ತಿದ್ದಾರೆ ಎಂಬ ಪಟ್ಟಿಯನ್ನು ಓದುತ್ತಾರೆ. ಕೀರ್ತಿವಂತರೂ, ಹತ್ತು ಕುರ್ಚಿಯ ಕೋಣೆಯಲ್ಲಿ ನುಡಿಸುವವರೂ ಒಂದೇ ಉಸಿರಿನಲ್ಲಿ ಆ ಪಟ್ಟಿಯಲ್ಲಿ ಬರುತ್ತಾರೆ. ಅಂತರ್ಜಾಲದಲ್ಲಿ ಅದನ್ನು ಮೊದಲ ಬಾರಿ ಕೇಳಿದಾಗ ಹಾಡಿಗಿಂತ ಆ ಪಟ್ಟಿಯೇ ನನಗೆ ಹೆಚ್ಚು ಇಂಪಾಯಿತು.

ನಮ್ಮಲ್ಲಿ ಇಂಥದ್ದು ಇರಲಿಲ್ಲವೇ? ಇತ್ತು, ಅದೂ ಬಹಳ ಬೇಗ. 1995ರಲ್ಲಿ ಸುಪ್ರೀಂ ಕೋರ್ಟು ಗಾಳಿಯ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ತೀರ್ಪು ಕೊಟ್ಟಿತ್ತು. ಆದರೂ ಹಳ್ಳಿಯವರಿಗೆ ರೇಡಿಯೋ ನಡೆಸುವ ಅನುಮತಿ ಸಿಗುತ್ತಿರಲಿಲ್ಲ. ಆ ಹೊತ್ತಿನಲ್ಲಿ, 2001ರಲ್ಲಿ, ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಆರಂಭವಾಯಿತು. ಮೈರಾಡ, ವಾಯ್ಸಸ್ ಸಂಸ್ಥೆಗಳು ಮತ್ತು ಯುನೆಸ್ಕೊ ಬೆಂಬಲಕ್ಕಿದ್ದವು. ಸ್ವಸಹಾಯ ಸಂಘಗಳ ಹೆಂಗಸರು, ಊರಿನ ಯುವಕರು ಮೈಕು ಹಿಡಿದರು. ಗಾಳಿಯಲ್ಲಿ ಬಿಡಲು ಅನುಮತಿ ಇಲ್ಲದ್ದರಿಂದ ಟಿವಿಯ ಕೇಬಲ್ ತಂತಿಯಲ್ಲಿ ದನಿಯನ್ನು ಹರಿಸಿದರು. ಹೈದರಾಲಿ ಹುಟ್ಟಿದ ಊರೆಂದು ನಾವು ಪಾಠದಲ್ಲಿ ಹೇಳುತ್ತಿದ್ದ ಬೂದಿಕೋಟೆಗೆ ಹೀಗೆ ಇನ್ನೊಂದು ಚರಿತ್ರೆ ಸೇರಿತು. ನನಗೆ ಆ ವರ್ಷ ಮರೆಯುವಂಥದ್ದಲ್ಲ, ಏಕೆಂದರೆ 2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿಗಳು ಮುಚ್ಚಿದವು. ನೂರಿಪ್ಪತ್ತು ವರ್ಷ ಊರಿಗೆ ಹೊತ್ತು ತಿಳಿಸುತ್ತಿದ್ದ ಗಣಿ ಸುಮ್ಮನಾಯಿತು. ಅದೇ ತಾಲ್ಲೂಕಿನ ಇನ್ನೊಂದು ಮೂಲೆಯಲ್ಲಿ, ಎಂದೂ ಮೈಕು ಮುಟ್ಟದ ಹೆಂಗಸರು ಮಾತಾಡಲು ತೊಡಗಿದರು.

ಮುಂದೆ ನಿಯಮಗಳು ಸಡಿಲವಾದವು. 2002ರಲ್ಲಿ ವಿದ್ಯಾಸಂಸ್ಥೆಗಳಿಗೆ, 2006ರಲ್ಲಿ ಜನರ ಸಂಘಸಂಸ್ಥೆಗಳಿಗೆ ಸಮುದಾಯ ರೇಡಿಯೋ ನಡೆಸುವ ದಾರಿ ತೆರೆಯಿತು. ನೂರು ವಾಟ್‌ಗಳ ಶಕ್ತಿ, ಮೂವತ್ತು ಮೀಟರ್ ಎತ್ತರದ ಕಂಬ. ಸುಮಾರು ಹತ್ತು ಹದಿನೈದು ಕಿಲೋಮೀಟರ್ ದೂರ ಕೇಳಿಸುತ್ತದೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧವಾದರೂ ಆ ನೆಲದ ಜನರೇ ಸೇರಿ ಮಾಡಿದ್ದಾಗಿರಬೇಕೆಂಬ ನಿಯಮವೂ ಇದೆ. ಹದಿನೈದು ಕಿಲೋಮೀಟರ್ ಎಂದರೆ ಕಡಿಮೆ ಎಂದು ಹಲವರಿಗೆ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ರಾತ್ರಿ ಕೇಳಿಕೆ ನೋಡಿ ದ್ವಿಚಕ್ರ ವಾಹನದಲ್ಲಿ ಮನೆಗೆ ಮರಳಬಹುದಾದ ದೂರ ಅದು. ನಿವೃತ್ತನಾದ ಹೊಸತರಲ್ಲಿ, ಇಂಥ ಒಂದು ಕೇಂದ್ರಕ್ಕೆ ಹೋಗಿ, ವಾರಕ್ಕೆ ಹತ್ತು ನಿಮಿಷ ಈ ಸುತ್ತಿನ ಕಲಾ ಕಾರ್ಯಕ್ರಮಗಳ ಪಟ್ಟಿ ಓದಲು ಅವಕಾಶ ಕೇಳಿದೆ. ಅಲ್ಲಿದ್ದವರು ಮರ್ಯಾದೆಯಿಂದಲೇ, "ಪಟ್ಟಿಯನ್ನು ಯಾರು ಕೇಳುತ್ತಾರೆ ಸಾರ್, ಚಿತ್ರಗೀತೆ ಹಾಕಿದರೆ ಫೋನಾದರೂ ಬರುತ್ತದೆ" ಎಂದು ಕಳುಹಿಸಿಕೊಟ್ಟರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ; ಆದರೂ ಆ ಮಾತು ತಪ್ಪೆಂದು ಇಂದಿಗೂ ನಂಬಿದ್ದೇನೆ.

ಪಟ್ಟಿಯೇ ಬೇಕಿಲ್ಲದ ಒಂದು ಜಾಗ ನಮ್ಮ ಜಿಲ್ಲೆಯಲ್ಲಿದೆ. ಕೋಲಾರದ ನೆತ್ತಿಯ ಮೇಲೆ, ಅಂತರಗಂಗೆಯ ಬೆಟ್ಟಸಾಲಿನ ತೇರಹಳ್ಳಿಯಲ್ಲಿ, ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯನವರೂ ಅವರ ಸಂಗಾತಿಗಳೂ ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ತಿಂಗಳು ತಿಂಗಳೂ 'ಹುಣ್ಣಿಮೆ ಹಾಡು' ನಡೆಯುತ್ತ ಬಂದಿದೆ. ಹಾಡು, ತಮಟೆ, ನಾಟಕ, ಮಾತು. ಬಂಡೆಗಳ ನಡುವೆ ನೆಲದ ಮೇಲೆ ಕೂರಬೇಕು. ಗಾಳಿ ಜೋರಿದ್ದರೆ ಕಂಬಳಿ ಹೊದೆಯಬೇಕು. ಮೊದಲ ಸಲ ಅಲ್ಲಿಗೆ ಹೋದಾಗ, ಇಷ್ಟು ಜನ ಈ ಬೆಟ್ಟ ಹತ್ತಿ ಬಂದದ್ದು ಹೇಗೆ ಎಂದು ಬೆರಗಾಗಿದ್ದೆ. ಇಳಿಯುವಾಗ, ಚಂದ್ರನ ಬೆಳಕಿನಲ್ಲಿ ರಸ್ತೆಯ ತಿರುವು ಕಂಡಾಗ, ಉತ್ತರ ಕಂಡಿತು. ಹುಣ್ಣಿಮೆಯನ್ನು ಯಾರೂ ಸಾರಬೇಕಾಗಿಲ್ಲ. ಅಕ್ಷರ ಬಾರದ ಅಜ್ಜಿಯೂ ತಲೆಯೆತ್ತಿ ನೋಡಿ, ಇನ್ನು ಮೂರು ದಿನ ಇದೆ ಎಂದು ಲೆಕ್ಕ ಹಾಕಬಲ್ಲಳು. ಕರಪತ್ರ ಹರಿದರೂ, ಫೋನು ಕೆಟ್ಟರೂ, ಆಕಾಶದಲ್ಲಿ ಪ್ರಕಟಣೆ ತೂಗುತ್ತಿರುತ್ತದೆ. ತಾರೀಖಿನ ಬದಲು ಚಂದ್ರನನ್ನು ಆರಿಸಿಕೊಂಡವರ ಜಾಣ್ಮೆಗೆ ನಾನು ತಲೆಬಾಗುತ್ತೇನೆ.

ಆದರೆ ಉಳಿದ ಕಲಾವಿದರಿಗೆ ಚಂದ್ರನಿಲ್ಲ. ಕೋಲಾರದ ಟಿ. ಚನ್ನಯ್ಯ ರಂಗಮಂದಿರದಲ್ಲಿ ಮಂಗಳವಾರ ನಾಟಕವಾಡುವ ಹುಡುಗರಿಗೆ, ಶ್ರಾವಣದಲ್ಲಿ ಮನೆಯ ಪಡಸಾಲೆಯಲ್ಲಿ ಕೈವಾರ ತಾತಯ್ಯನವರ ತತ್ವಪದ ಹಾಡುವ ಭಜನೆಯವರಿಗೆ, ಮದುವೆಯ ಓಲಗದವರಿಗೆ ಇಲ್ಲ. ಓಲಗದ ವಿಷಯ ಇಲ್ಲಿ ಹೇಳಲೇಬೇಕು, ಏಕೆಂದರೆ ಜಾಝ್ ಕೇಳಬೇಕೆನ್ನುವವರಿಗೆ ಈ ಜಿಲ್ಲೆಯಲ್ಲಿ ತೀರ ಹತ್ತಿರದ್ದು ಅದೇ. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ, 1994ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲ್‌ವರೆಗೆ ಒಯ್ದರು. ಅವರ ದೆಸೆಯಿಂದ ಇಂದು ನಮ್ಮ ಹಳ್ಳಿಯ ಛತ್ರಗಳಲ್ಲೂ ಡೋಲಿನ ಜೊತೆ ಸ್ಯಾಕ್ಸೋಫೋನ್ ಕೂತಿದೆ. ಇದಕ್ಕೆ ಎದುರಾಗಿ, ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ನಮ್ಮ ನಾಗಸ್ವರವನ್ನು ಕಲಿತರು, ಬೆಂಗಳೂರಿನ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಸೇರಿ, ಆರ್.ಎ. ರಮಾಮಣಿಯವರ ಗಾಯನದೊಂದಿಗೆ 1983ರಲ್ಲಿ ಧ್ವನಿಮುದ್ರಣ ಮಾಡಿದರು. ಎರಡು ವಾದ್ಯಗಳು ಸಮುದ್ರದ ನಡುವೆ ಎದುರುಬದುರಾಗಿ ದಾಟಿಹೋದಂತೆ ನನಗೆ ಇದು ಕಾಣುತ್ತದೆ.

ಮುಹೂರ್ತದ ಗದ್ದಲದಲ್ಲಿ ಓಲಗವನ್ನು ಯಾರೂ ಕೇಳುವುದಿಲ್ಲ. ಹಿಂದಿನ ರಾತ್ರಿ, ವರಪೂಜೆ ಮುಗಿದು, ಬಂಧುಗಳು ಮಲಗಲು ಜಮಖಾನೆ ಹುಡುಕುತ್ತಿರುವ ಹೊತ್ತಿನಲ್ಲಿ ಕೇಳಬೇಕು. ಶ್ರೀನಿವಾಸಪುರದ ಒಂದು ಛತ್ರದಲ್ಲಿ, ಅಡುಗೆಯವರು ನಾಳೆಗೆ ತರಕಾರಿ ಹೆಚ್ಚುತ್ತಿದ್ದ ಹಿತ್ತಲಿನಲ್ಲಿ, ಸ್ಯಾಕ್ಸೋಫೋನಿನ ಯುವಕ ಮತ್ತು ಡೋಲಿನ ಹಿರಿಯರು ತಮಗಾಗಿಯೇ ನುಡಿಸಿಕೊಳ್ಳುತ್ತಿದ್ದರು. ಯುವಕ ಮೋಹನ ರಾಗದ ಒಂದು ತುಣುಕು ಹಿಡಿದು ಅರ್ಧಕ್ಕೆ ಬಿಟ್ಟ. ಡೋಲು ಅದರ ಉಳಿದರ್ಧವನ್ನು ಬಡಿದು ತೋರಿಸಿತು. ಯುವಕ ನಕ್ಕು, ಅದಕ್ಕೊಂದು ಬಾಲ ಸೇರಿಸಿ ಮರಳಿಸಿದ. ಹೀಗೆಯೇ ಇಪ್ಪತ್ತು ನಿಮಿಷ ನಡೆಯಿತು. ಬೀನ್ಸ್ ಹೆಚ್ಚುತ್ತಿದ್ದ ಹೆಂಗಸಿನ ಚಾಕು ತಾನಾಗಿಯೇ ತಾಳಕ್ಕೆ ಬಿದ್ದದ್ದನ್ನು ನಾನು ನೋಡಿದೆ. ಇವನು ಹೇಳ್ದ, ಅವನು ಏನು ಉತ್ತರ ಕೊಡ್ತಾನೆ ಕೇಳು ಎಂದ ಅಂಕಲ್ ಅಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದರು ಎನ್ನಿಸಿತು.

ಕೇಳಿಕೆಯ ಆ ರಾತ್ರಿಯ ನಂತರ ನಾವು ನಾಲ್ವರು ಸೇರಿ ಒಂದು ಕೆಲಸ ಹಿಡಿದೆವು. ಪ್ರತಿ ಗುರುವಾರ ಸಂಜೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಕಂಬಳಿ ಕಟ್ಟಿ, ಹದಿನೈದು ನಿಮಿಷದ ಧ್ವನಿಮುದ್ರಣ ಮಾಡುತ್ತೇವೆ. ಜಾಝ್ ತಟ್ಟೆಗಳನ್ನು ಹಂಚುವ ಹಕ್ಕು ನಮಗಿಲ್ಲ. ಅವನ್ನು ತಿಂಗಳಿಗೊಮ್ಮೆ ಇಲ್ಲಿಯೇ ಕೂತು ಕೇಳುತ್ತೇವೆ. ಹೊರಗೆ ಹೋಗುವುದು ನಾವೇ ಊರೂರು ಅಲೆದು, ನುಡಿಸಿದವರ ಒಪ್ಪಿಗೆ ಪಡೆದು ಮುದ್ರಿಸಿಕೊಂಡ ಐದು ನಿಮಿಷದ ಸಂಗೀತ ಮತ್ತು ಆ ವಾರದ ಪಟ್ಟಿ. ಅದು ಫೋನಿನಿಂದ ಫೋನಿಗೆ ಹೋಗುತ್ತದೆ. ಮೂರು ಟೀ ಅಂಗಡಿಗಳಲ್ಲಿ, ಒಂದು ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಜನ ಸೇರಿದಾಗ ಸ್ಪೀಕರಿಗೆ ಹಾಕುತ್ತಾರೆ. ಪಟ್ಟಿಯನ್ನು ನಾನು ಓದುತ್ತೇನೆ. ಕಾನೋವರ್ ಅವರಂತೆ ನಿಧಾನವಾಗಿ, ಬಿಡಿಸಿ ಬಿಡಿಸಿ, ನುಡಿಸುವವರ ಪೂರ್ತಿ ಹೆಸರು, ಊರು, ವಾದ್ಯ ಹೇಳಿ. ಟೀ ಅಂಗಡಿಯ ಗದ್ದಲದಲ್ಲಿ ಬೇಗ ಓದಿದ್ದು ಯಾರಿಗೂ ಸಿಕ್ಕುವುದಿಲ್ಲ ಎಂದು ಎರಡನೆಯ ವಾರಕ್ಕೇ ತಿಳಿಯಿತು.

ಹೋದ ವಾರ ಮುಳಬಾಗಿಲು ಕಡೆಯ ಒಂದು ತಮಟೆ ತಂಡದ ಹೆಸರು ಓದಿದ್ದೆ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಆ ತಂಡದ ಹಿರಿಯರ ಫೋನು ಬಂತು. ಹಿಂದಿನಿಂದ ಡೇರಿಯ ಕ್ಯಾನುಗಳ ಸದ್ದು, ಅದರೊಳಗೆ ಸಣ್ಣಗೆ ನನ್ನದೇ ದನಿ ಕೇಳಿಸುತ್ತಿತ್ತು.

"ಎಂಟು ಗಂಟೆ ಅಂತ ಹೇಳ್ಬಿಟ್ಟಿದ್ದೀರಲ್ಲ ಮೇಷ್ಟ್ರೇ. ಎಂಟಕ್ಕೆ ನಾವು ಬೆಂಕೀನೇ ಹಾಕಿರಲ್ಲ. ಒಂಬತ್ತು ಅಂತ ತಿದ್ದಿ ಇನ್ನೊಂದು ಸಲ ಕಳ್ಸಿ. ಆಮೇಲೆ, ನಮ್ಮ ಚಿಕ್ಕ ಹುಡುಗನ ಹೆಸರು ಬಿಟ್ಟೋಗಿದೆ, ಅವನೂ ನುಡಿಸ್ತಾನೆ, ಅವನ್ದೂ ಸೇರ್ಸಿ."

ಹೆಸರು ಬರೆದುಕೊಂಡೆ, ಕಿಟಕಿಗೆ ಮತ್ತೆ ಕಂಬಳಿ ಕಟ್ಟಿದೆ.